ದೊಡ್ಡಮ್ಮನ ಅರ್ಧ ಪಾಲು

ಹೋದ ವಾರ ಪಕ್ಕದ ಮನೆಯ ಸೊಸೆ ಏನನ್ನೋ ಸೆರಗಿನಲ್ಲಿ ಮುಚ್ಚಿಕೊಂಡು ಬಂದು ನನ್ನ ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ನೋಡಿದರೆ ತೆಂಗಿನಕಾಯಿ. ಪೂರ್ತಿ ಕಾಯಿಯೂ ಅಲ್ಲ. ಒಣಗಿದ ಎರಡು ಹೋಳು ಚಿಪ್ಪನ್ನು ಬಾಯಿಗೆ ಬಾಯಿ ಸೇರಿಸಿ, ಹಳೇ ಸೀರೆಯ ಅಂಚಿನಿಂದ ಬಿಗಿದು, ಮೇಲೆ ನಾರಿನ ಹುರಿ ಸುತ್ತಿದ್ದರು. ಅಲ್ಲಾಡಿಸಿದರೆ ಒಳಗೇನೋ ಸಣ್ಣಗೆ ಸದ್ದು.

"ಅಟ್ಟ ಬಿಚ್ಚಿಸ್ತಿದ್ವಲ್ಲ ಟೀಚರೇ, ಮೂಲೇಲಿ ಸಿಕ್ತು. ಮೂಸಿ ನೋಡಿ" ಎಂದಳು.

ಮೂಸಿದೆ. ನಮ್ಮ ಕಡೆ ಅಟ್ಟದಿಂದ ಇಳಿದದ್ದೆಲ್ಲ ಕೊಬ್ಬರಿ ವಾಸನೆಯೇ. ಇದು ಆಸ್ಪತ್ರೆಯಂತೆ ನಾರುತ್ತಿತ್ತು. ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಜೀವಶಾಸ್ತ್ರ ಹೇಳಿಕೊಟ್ಟ ಮೂಗು ನನ್ನದು. ಗಾಜಿನ ಜಾಡಿಯ ಕಪ್ಪೆ, ಹಾವಿನ ಮರಿಗಳ ಜೊತೆ ಬದುಕಿದ್ದೇನೆ. ಫಾರ್ಮಲಿನ್ ವಾಸನೆ ನನಗೆ ತಪ್ಪುವುದಿಲ್ಲ. ಬಿಚ್ಚುವ ಮೊದಲೇ ಒಳಗೇನಿದೆಯೆಂದು ಗೊತ್ತಾಗಿ ಅಲ್ಲೇ ಮಣೆಯ ಮೇಲೆ ಕುಳಿತೆ. ಅದು ಅಟ್ಟದಲ್ಲಿ ಇರಬೇಕಾದ ವಸ್ತುವಲ್ಲ. ಅದು ದೊಡ್ಡಮ್ಮನ ಜೊತೆ ಅವರ ತೋಟದ ಮಣ್ಣಿನಲ್ಲಿರಬೇಕಿತ್ತು. ನಾನೇ ನಿಂತು ಅಲ್ಲಿ ಇಡಿಸಿದ್ದೆ... ಹಾಗೆಂದು ಇಷ್ಟು ವರ್ಷ ನಂಬಿಕೊಂಡಿದ್ದೆ.

ದೊಡ್ಡಮ್ಮ ಎಂದರೆ ರಕ್ತಸಂಬಂಧವಲ್ಲ. ಕಿಬ್ಬನಹಳ್ಳಿಯಿಂದ ತುರುವೇಕೆರೆ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಬೇಲಿ, ಅಷ್ಟೆ. ನಾನು ಮದುವೆಯಾಗಿ ಬಂದ ದಿನವೇ ಬೇಲಿಯಾಚೆಯಿಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಕೆಲ್ಸಕ್ಕೆ ಹೋಗೋ ಸೊಸೇನಾ? ಮನೇಲಿ ನಿಲ್ತಾಳೋ ಇಲ್ವೋ" ಎಂದವರು. ಅವರಿಗೆ ಎಲ್ಲದರ ಮೇಲೂ ಅನುಮಾನ. ಹಾಲಿನವನ ಮೇಲೆ, ಕರೆಂಟಿನ ಮೀಟರು ನೋಡಲು ಬರುವವನ ಮೇಲೆ, ಸಕ್ಕರೆ ಕಾಯಿಲೆಯ ಮಾತ್ರೆಯ ಮೇಲೆ. ಗ್ಯಾಸ್ ಸಿಲಿಂಡರ್ ಬಂದರೆ ಕಾಯಿಯ ಹಾಗೆ ಅದನ್ನೂ ಅಲ್ಲಾಡಿಸಿ ಕಿವಿಯಿಟ್ಟು ಕೇಳುತ್ತಿದ್ದರು. ತಂದವನು ನಗುತ್ತಿದ್ದ. ಅವನು ನಕ್ಕಿದ್ದಕ್ಕೂ ಒಂದು ಅನುಮಾನ.

ನಾನೇನು ಕಡಿಮೆಯಲ್ಲ. ಅಂಗಡಿಯವನು ಕೊಟ್ಟ ಚಿಲ್ಲರೆಯನ್ನು ಅವನೆದುರೇ ಎಣಿಸುವ ಜಾತಿ ನನ್ನದು. ಅದಕ್ಕೇ ನಮ್ಮಿಬ್ಬರಿಗೆ ಹೊಂದಿಕೆಯಾಯಿತೋ ಏನೋ. ಸಂಜೆ ಹೊತ್ತು ಬೇಲಿಯ ಎರಡೂ ಕಡೆ ನಿಂತು ಊರಿನವರನ್ನೆಲ್ಲ ಒಬ್ಬೊಬ್ಬರಾಗಿ ಶಂಕಿಸುವುದು ನಮಗೆ ಕಾಫಿಯಷ್ಟೇ ರುಚಿಯಾಗಿತ್ತು.

ಆದರೆ ಒಂದು ವಿಷಯಕ್ಕೆ ಅವರಿಗೆ ನನ್ನ ಮೇಲೆ ಸಿಟ್ಟು. ನಾನು ಎಲ್ಲವನ್ನೂ ಬಿಚ್ಚಿ ನೋಡುವವಳು. ದಾಸವಾಳ ಸೀಳುವುದಿರಲಿ, ಒಮ್ಮೆ ಮಕ್ಕಳಿಗೆ ತೋರಿಸಲು ತಿಪಟೂರಿನ ಮಾಂಸದಂಗಡಿಯಿಂದ ಕುರಿಯ ಹೃದಯವನ್ನೇ ತಂದಿದ್ದೆ. ವಿಭೂತಿ ಹಚ್ಚುವ ಬೇಲಿಯಾಚೆಯ ಮನೆಯಲ್ಲಿ ಅದು ದೊಡ್ಡ ಗದ್ದಲವಾಯಿತು. ಆ ವಾರವಿಡೀ ನಾನು ಹಾದುಹೋದ ಜಾಗಕ್ಕೆಲ್ಲ ದೊಡ್ಡಮ್ಮ ನೀರು ಚಿಮುಕಿಸಿದರು. ಅವರು ಅಟ್ಟದ ಕಾಯಿಯ ಜೊತೆ ಬೆಳೆದವರು. ನಮ್ಮ ಸೀಮೆಯಲ್ಲಿ ಕೊಬ್ಬರಿ ಮಾಡುವುದೆಂದರೆ ಕಾಯುವುದೇ ತಾನೆ? ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಹೆಚ್ಚುಕಡಿಮೆ ವರ್ಷ ಮುಟ್ಟುವಂತಿಲ್ಲ. ಒಳಗಿನ ನೀರು ಇಂಗಬೇಕು, ತಿರುಳು ಒಣಗಿ ಚಿಪ್ಪು ಬಿಡಬೇಕು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಅಲ್ಲಿಯವರೆಗೆ ಒಳಗೇನಾಗುತ್ತಿದೆಯೆಂದು ಒಡೆದು ನೋಡಿದರೆ ಆ ಕಾಯಿ ಕೆಟ್ಟಿತು. "ನಿನಗೆ ಬಿಚ್ಚೋ ಚಟ ಕಣೇ. ನಿನ್ ಕೈಗೆ ಅಟ್ಟ ಕೊಟ್ರೆ ಒಂದು ಉಂಡೆ ಕೊಬ್ಬರೀನೂ ಆಗಕ್ಕಿಲ್ಲ" ಎನ್ನುತ್ತಿದ್ದರು.

ಕೊರೋನಾಕ್ಕೆ ಸ್ವಲ್ಪ ಮುಂಚಿನ ಮಾತು. ದೊಡ್ಡಮ್ಮನಿಗೆ ಹೊಕ್ಕುಳ ಹತ್ತಿರ ಹರ್ನಿಯಾ ಉಬ್ಬಿತ್ತು. ಆಪರೇಷನ್ ಆಗಲೇಬೇಕೆಂದು ವೈದ್ಯರು ಹೇಳಿದರು. ಅದೇ ಹೊತ್ತಿಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹುಡುಕಿಕೊಂಡು ಬಂದಳು. ಚಿಕ್ಕನಾಯಕನಹಳ್ಳಿ ಕಡೆಯ ಹಟ್ಟಿಯ ಹುಡುಗಿ, ಕುರಿ ಸಾಕುವ ಮನೆ. ಈಗ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಮನುಷ್ಯನ ಮೈಯ ನಕ್ಷೆ ಬರೆಯುವ ಕೆಲಸವಂತೆ. ಚರ್ಮ, ಕರುಳು, ಶ್ವಾಸಕೋಶ, ಎಲ್ಲದರಲ್ಲೂ ಯಾವ ಯಾವ ಬಗೆಯ ಜೀವಕೋಶಗಳಿವೆ, ಯಾವುದರ ಪಕ್ಕ ಯಾವುದಿದೆ, ಒಂದೊಂದೂ ಏನು ಮಾಡುತ್ತಿದೆ ಎಂದು ಗುರುತಿಸುವುದು. ಇವಳ ಪಾಲಿಗೆ ಬಂದದ್ದು ಚರ್ಮ. ಹೊರದೇಶದವರ ಚರ್ಮ ನಕ್ಷೆಯಲ್ಲಿ ಸೇರುತ್ತಿದೆ, ನಮ್ಮ ಹಳ್ಳಿಗಳ ಬಿಸಿಲಲ್ಲಿ ಬೆಂದ ಚರ್ಮ ಸಾಲದು ಎಂದಳು. ಹರ್ನಿಯಾ ಆಪರೇಷನ್ನಿನಲ್ಲಿ ಹೇಗೂ ಒಂದಿಷ್ಟು ಹೆಚ್ಚುವರಿ ಚರ್ಮ ತೆಗೆದು ಬಿಸಾಡುತ್ತಾರೆ. ಅದನ್ನು ಕೊಡಲು ಒಪ್ಪುವವರು ಬೇಕಾಗಿತ್ತು. ವೈದ್ಯರು ದೊಡ್ಡಮ್ಮನ ವಿಷಯ ಹೇಳಿ, ಮೊದಲು ನೀವೇ ಹೋಗಿ ಕೇಳಿ ಎಂದಿದ್ದರಂತೆ. ಬೇಲಿಯಾಚೆಯ ಮನೆ ಎಂದು ಗೊತ್ತಾದ ಮೇಲೆ ನನ್ನನ್ನು ಕರೆದುಕೊಂಡು ಹೊರಟಳು.

ದೊಡ್ಡಮ್ಮ ಜಗಲಿಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು. ಎಲೆಗೆ ಸುಣ್ಣ ಸವರುತ್ತ, ಮುಖ ಎತ್ತದೆ, "ಬಿಸಾಡೋದನ್ನ ಬೇಡಕ್ಕೆ ಬೆಂಗ್ಳೂರಿಂದ ಯಾಕವ್ವ ಬರ್ತಾರೆ?" ಎಂದರು. ಸುಣ್ಣದ ಬೆರಳನ್ನು ಕಂಬಕ್ಕೆ ಒರೆಸಿ ಮುಂದುವರಿಸಿದರು. "ಚಿಪ್ಪನ್ನ ಒಲೆಗೆ ಹಾಕ್ತಿದ್ವಿ. ಕಸ ಕಸ ಅಂತಿದ್ರು ಎಲ್ರೂ. ಈಗ ನೋಡು, ಆ ಚಿಪ್ಪಿಗೂ ಲಾರಿ ಬತ್ತದೆ."

ಹುಡುಗಿ ತಾನೂ ಹಳ್ಳಿಯವಳೇ ಅಲ್ಲವೇ, ತನ್ನ ಹಟ್ಟಿಯ ಭಾಷೆಗೆ ಇಳಿದಳು. ದೂರದಿಂದ ನೋಡಿದರೆ ಕುರಿಮಂದೆ ಒಂದೇ ಕಂಬಳಿ ಹಾಸಿದ ಹಾಗೆ ಕಾಣುತ್ತದೆ, ಆದರೆ ಅಪ್ಪನಿಗೆ ಒಂದೊಂದು ಕುರಿಯ ಮುಖವೂ ಗೊತ್ತು. ಮೊದಲೆಲ್ಲ ಚರ್ಮವನ್ನು ಅರೆದು ಇಡೀ ಮಂದೆಯನ್ನೇ ಒಟ್ಟಿಗೆ ತೂಗುತ್ತಿದ್ದರು, ಈಗ ಒಂದೊಂದು ಕೋಶವನ್ನೂ ಬಿಡಿಸಿ ಕೇಳುವ ದಾರಿ ಸಿಕ್ಕಿದೆ ಎಂದಳು. ನನಗೆ ಹೆಮ್ಮೆಯಾಯಿತು. ತರಗತಿಯಲ್ಲಿ ನಾನೇ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ದೊಡ್ಡಮ್ಮ ಮಾತ್ರ ಎಲೆ ಮಡಚಿ ಬಾಯಿಗಿಟ್ಟುಕೊಂಡು, "ಕುರಿ ಮುಖ ನೋಡಿ ನೋಡಿ ಎಣಿಸೋದು ಯಾವಾಗ ಗೊತ್ತೇನವ್ವ? ಸಂತೆಗೆ ಹೊಡ್ಯೋ ಮುಂಚೆ" ಎಂದರು.

ನಕ್ಷೆ ಎಂಬ ಮಾತೇ ಅವರಿಗೆ ಆಗುತ್ತಿರಲಿಲ್ಲ. ರಸ್ತೆ ಅಗಲ ಮಾಡುವ ಕಾಲಕ್ಕೆ ಮೂರು ಕಾಲಿನ ಯಂತ್ರ ಹೊತ್ತು ಬಂದವರು, ನಕ್ಷೆ ಬರೆದುಕೊಳ್ಳುತ್ತೇವೆ ಅಷ್ಟೆ ಅಂದಿದ್ದರು. ದೊಡ್ಡಮ್ಮ ಅವರಿಗೆ ಎಳನೀರು ಕೊಟ್ಟಿದ್ದರು. ಆಮೇಲೆ ಬಂದವರು ರಸ್ತೆ ಬದಿಯ ಮರಗಳಿಗೆ, ಕಡಿಯುವ ಗುರುತೆಂದು, ಕೆಂಪು ಬಣ್ಣ ಬಳಿದರು. ಗಂಡ ಹೆಂಡತಿ ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಸಾಲು ಅದು. "ನಕ್ಷೆ ಬರ್ಯಕ್ಕೆ ಅಂತ ಬಂದೋರು ಯಾರೂ ಬರಿಗೈಲಿ ಹೋಗಿಲ್ಲ" ಎಂದು ದೊಡ್ಡಮ್ಮ ಹುಡುಗಿಯ ಚೀಲವನ್ನೇ ನೋಡಿದರು.

ಹುಡುಗಿ ಚೀಲವನ್ನು ಪಕ್ಕಕ್ಕೆ ಸರಿಸಿ, "ಅಜ್ಜಿ, ಇದ್ರಿಂದ ನಿಮಗೇನೂ ಲಾಭ ಇಲ್ಲ. ನಿಮ್ ನೋವು ಕಮ್ಮಿ ಆಗಲ್ಲ, ದುಡ್ಡೂ ಬರಲ್ಲ. ಮುಂದೆ ಯಾರಿಗಾದ್ರೂ ಚರ್ಮದ ಕಾಯಿಲೆ ಬಂದಾಗ ಎಲ್ಲಿ ಕೆಟ್ಟಿದೆ ಅಂತ ಹುಡ್ಕಕ್ಕೆ ಸುಲಭ ಆಗ್ಬೋದು. ಆಗುತ್ತೆ ಅಂತಾನೂ ಹೇಳಕ್ಕಾಗಲ್ಲ" ಎಂದಳು.

ಅಡಿಕೆ ಅಗಿಯುವುದು ನಿಂತಿತು. ದೊಡ್ಡಮ್ಮ ಮೊದಲ ಸಲ ಅವಳ ಮುಖ ನೋಡಿದರು. ತಮ್ಮ ಮನೆ ಬಾಗಿಲಿಗೆ ಬಂದು ನಿಮಗೇನೂ ಲಾಭವಿಲ್ಲ ಎಂದು ಹೇಳಿದ ಮೊದಲ ಪ್ರಾಣಿ ಇವಳೇ ಇರಬೇಕು. "ಲಾಭ ಐತೆ ಅಂದಿದ್ರೆ ಎದ್ದೋಗು ಅಂತಿದ್ದೆ" ಎಂದರು. ಆಮೇಲೆ ತಮ್ಮ ಷರತ್ತು ಹೇಳಿದರು. ಅದು ಜಗತ್ತಿನ ಯಾವ ಪ್ರಯೋಗಾಲಯದಲ್ಲೂ ಯಾರೂ ಕೇಳಿರಲಾರದ ಷರತ್ತು.

"ಮೈ ನಂದು, ಕೆಲ್ಸ ನಿಂದು. ವಾರಕ್ಕೆ ಕೊಡ್ತೀನಿ. ಅರ್ಧ ನಿಂಗೆ, ಅರ್ಧ ನಂಗೆ."

ನಮ್ಮಲ್ಲಿ ಹೊಲ ವಾರಕ್ಕೆ ಕೊಡುವುದೆಂದರೆ ಹಾಗೆಯೇ. ಭೂಮಿ ಒಬ್ಬರದು, ದುಡಿಮೆ ಇನ್ನೊಬ್ಬರದು, ಬೆಳೆದದ್ದು ಇಬ್ಬರಿಗೂ ಸಮ. ನಾನು ನಕ್ಕುಬಿಟ್ಟೆ. ಬಟಾಣಿ ಕಾಳಿನಷ್ಟು ಚರ್ಮದಲ್ಲಿ ಅರ್ಧ ಪಾಲು ತಗೊಂಡು ಏನು ಮಾಡ್ತೀರಿ ದೊಡ್ಡಮ್ಮ ಎಂದೆ. ಅವರು ನಗಲಿಲ್ಲ.

ಅವರ ಮನೆಯವರಲ್ಲಿ ಸತ್ತವರನ್ನು ಸುಡುವುದಿಲ್ಲ. ತೋಟದಲ್ಲೇ ಗುಂಡಿ ತೆಗೆದು, ಕೂರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ ತುಂಬಿ ಸಮಾಧಿ ಮಾಡುತ್ತಾರೆ. ದೊಡ್ಡಮ್ಮನ ಯಜಮಾನರ ಎಡಗೈಯ ಬೆರಳುಗಳು ಎಂದೋ ನಾರು ತೆಗೆಯುವ ಮಿಷನ್ನಿಗೆ ಸಿಕ್ಕು ಹೋಗಿದ್ದವು. ಅವರು ತೀರಿಕೊಂಡ ದಿನ ಕ್ರಿಯೆ ಮಾಡಿಸುವ ಅಯ್ಯನವರು ಆ ಕೈಯಲ್ಲಿ ಲಿಂಗವನ್ನು ಎಷ್ಟು ಸಲ ಇಟ್ಟರೂ ಅದು ಜಾರಿ ಜಾರಿ ಮಡಿಲಿಗೆ ಬೀಳುತ್ತಿತ್ತು. ಕೊನೆಗೆ ಬಟ್ಟೆಯಲ್ಲಿ ಕಟ್ಟಿದರು. "ಹಿಡ್ಕೊಳ್ಳಕ್ಕೆ ಬೆರಳೇ ಇರ್ಲಿಲ್ಲ ಕಣೇ. ಎಲ್ಲಾ ನೋಡಿದೆ ನಾನು. ನನ್ನ ಹಂಗೆ ಕಳಿಸ್ಬೇಡಿ. ಬಂದಂಗೆ ಹೋಗ್ಬೇಕು" ಎಂದು ಅವರು ಜಗಲಿಯಲ್ಲಿ ಹೇಳಿದಾಗ ನಕ್ಕಿದ್ದಕ್ಕೆ ನನಗೇ ನಾಚಿಕೆಯಾಯಿತು.

ಅರ್ಧವಾದರೂ ಜೊತೆಗಿದ್ದರೆ ಸಾಕು, ಉಳಿದರ್ಧ ದಾನ ಮಾಡಿದ ಲೆಕ್ಕ ಎಂದು ಅವರೇ ಒಂದು ತೀರ್ಮಾನಕ್ಕೆ ಬಂದಿದ್ದರು. ಅದನ್ನು ತುಂಬಿಡುವ ಡಬ್ಬಿ ಎಷ್ಟು ದೊಡ್ಡದು ತೋರಿಸು ಎಂದರು. ಹುಡುಗಿ ಚೀಲದಿಂದ ಗುಲಾಬಿ ಮುಚ್ಚಳದ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಟ್ಟಳು. ಕಿರುಬೆರಳಿನಷ್ಟು ಉದ್ದ, ಖಾಲಿ. ದೊಡ್ಡಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ ತಮ್ಮ ಎಲೆಅಡಿಕೆ ಸಂಚಿಯೊಳಗೆ ಹಾಕಿಕೊಂಡರು. ಅದು ವಾಪಸು ಬರಲೇ ಇಲ್ಲ. ಹುಡುಗಿಯೂ ಕೇಳಲಿಲ್ಲ, ನಾನೂ ಮರೆತೆ... ಮರೆಯಬಾರದಿತ್ತು.

ಹುಡುಗಿ ಮೇಲಿನವರನ್ನೆಲ್ಲ ಕೇಳಿ, ಬೇಡಿ, ಒಪ್ಪಿಗೆ ತಂದಳು. ಆಪರೇಷನ್ ದಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ಮಂಜುಗಡ್ಡೆಯ ಪೆಟ್ಟಿಗೆ ಹಿಡಿದು ಕಾದಿದ್ದಳು. ಅವಳ ಪಾಲು ಜೀವಂತವಾಗಿಯೇ ಬೆಂಗಳೂರು ಸೇರಬೇಕಿತ್ತು, ಕೋಶಗಳು ಸಾಯುವ ಮೊದಲೇ ಬಿಡಿಸಬೇಕಿತ್ತು. ದೊಡ್ಡಮ್ಮನ ಪಾಲನ್ನು ಫಾರ್ಮಲಿನ್‌ನಲ್ಲಿ ಮುಳುಗಿಸಿ, ಅಂಥದೇ ಗುಲಾಬಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಅಚ್ಚು ಹಾಕಿದ ಚೀಟಿ ಅಂಟಿಸಿ ಕೊಟ್ಟಳು. ಅರಿವಳಿಕೆಯ ಮತ್ತಿಳಿದು ಕಣ್ಣು ಬಿಟ್ಟ ದೊಡ್ಡಮ್ಮ ಮಗನನ್ನು ಕೇಳಲಿಲ್ಲ, ನೀರು ಕೇಳಲಿಲ್ಲ. "ನನ್ ಪಾಲೆಲ್ಲಿ?" ಎಂದರು. ಕೈಗೆ ಕೊಟ್ಟರೆ ಬೆಳಕಿಗೆ ಹಿಡಿದು ನೋಡಿ, "ದೊಡ್ಡ ಪಾಲು ಅವಳೇ ಹೊಡ್ಕೊಂಡ್ಲು" ಎಂದು ಮುಖ ತಿರುಗಿಸಿದರು.

ಕೆಲವು ತಿಂಗಳಾದ ಮೇಲೆ ಹುಡುಗಿ ಒಂದು ಚಿತ್ರ ತಂದು ತೋರಿಸಿದಳು. ಬಿಳಿ ಹಾಳೆಯ ಮೇಲೆ ಬಣ್ಣ ಬಣ್ಣದ ಚುಕ್ಕೆಗಳು, ಅಲ್ಲಲ್ಲಿ ಗುಂಪುಗುಂಪಾಗಿ. ಒಂದೊಂದು ಚುಕ್ಕೆಯೂ ಒಂದೊಂದು ಕೋಶವಂತೆ. ಒಂದೇ ಥರದ ಕೆಲಸ ಮಾಡುವವು ಒಂದೆಡೆ ಸೇರಿರುತ್ತವಂತೆ. ಬಣ್ಣ ಕೊಡುವ ಕೋಶ ಇಲ್ಲಿ, ಗಾಯ ಮಾಗಿಸುವ ಕೋಶ ಇಲ್ಲಿ, ಕಾವಲು ಕಾಯುವ ಕೋಶ ಇಲ್ಲಿ ಎಂದು ಬೆರಳಿಟ್ಟು ತೋರಿಸಿದಳು. ನನಗೆ ಮೈ ಜುಮ್ಮೆಂದಿತು. ಇಡೀ ಆಯುಷ್ಯ ಕಪ್ಪು ಹಲಗೆಯ ಮೇಲೆ ಒಂದೇ ಒಂದು ಗುಂಡಗಿನ ಜೀವಕೋಶ ಬರೆದು, ಎಲ್ಲವೂ ಹೀಗೇ ಇರುತ್ತವೆ ಎಂದು ಪಾಠ ಮಾಡಿದವಳು ನಾನು.

"ಇದ್ರಾಗೆ ನಂದು ಯಾವ್ದು?" ದೊಡ್ಡಮ್ಮ ಕೇಳಿದರು. ತುಂಬಾ ಜನರ ಚರ್ಮ ಸೇರಿಸಿ ಮಾಡಿದ್ದು, ಯಾರ ಹೆಸರನ್ನೂ ಹಾಕುವುದಿಲ್ಲ ಎಂದಳು ಹುಡುಗಿ. ದೊಡ್ಡಮ್ಮ ನನ್ನ ಕಡೆ ತಿರುಗಿ, ಅವಳಿಗೆ ಕೇಳಿಸುವ ಹಾಗೆಯೇ, "ಹೆಸ್ರಿಲ್ದಿದ್ರೆ ನಂದು ಐತೆ ಅಂತ ನಂಬೋದೆಂಗೆ? ನನ್ನದನ್ನ ಎಲ್ಲಿ ಬಿಸಾಕಿದಾಳೋ" ಎಂದರು. ಕಾವಲು ಕಾಯುವ ಕೋಶಗಳನ್ನು ಮಾತ್ರ ಇನ್ನೊಮ್ಮೆ ತೋರಿಸು ಅಂದರು. ಗುರುತು ಪರಿಚಯವಿಲ್ಲದ್ದು ಒಳಗೆ ಬಂದರೆ ಅದರ ಮೇಲೆ ಬೀಳುವುದು ಇವೇ ಎಂದು ಹುಡುಗಿ ಹೇಳಿದಾಗ, "ಇವು ನನ್ನವೇ ಇರ್ಬೇಕು ಬುಡು" ಎಂದು ಒಂದಿಷ್ಟು ಸಮಾಧಾನಪಟ್ಟರು.

ಅದಾದ ಮೇಲೆ ಒಂದು ಸಂಜೆ ಬೇಲಿಯ ಹತ್ತಿರ ಕರೆದರು. ಕೈಯಲ್ಲಿ ಬಟ್ಟೆಯ ಪುಟ್ಟ ಗಂಟು. ಒಳಗೆ ಗುಲಾಬಿ ಮುಚ್ಚಳದ ಅಂಚು ಕಾಣುತ್ತಿತ್ತು. "ಮನೇಲಿ ಇಟ್ರೆ ಅಸಹ್ಯ ಅಂತ ಎಸೀತಾರೆ. ನಿನ್ ಹತ್ರ ಇರ್ಲಿ. ನಾನು ಹೋದ್ ದಿನ ತಂದು ಎಡಗೈ ಪಕ್ಕ ಇಡು. ನಿನ್ನೊಬ್ಬಳನ್ನೇ ಕಣೇ ನಂಬಿರೋದು." ಆ ಮಾತು ಕೇಳಿ ಕಣ್ಣು ತುಂಬಿ ಬಂತು. ಸಿಲಿಂಡರನ್ನೂ ನಂಬದ ಹೆಂಗಸು ನನ್ನನ್ನು ನಂಬಿದ್ದರು! ಗಂಟನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗಿಟ್ಟೆ. ಬಿಚ್ಚಲಿಲ್ಲ. ಶಾಲೆಯಿಂದ ನಿವೃತ್ತಳಾಗುವಾಗ ಕೊಂಡ ಸೂಕ್ಷ್ಮದರ್ಶಕ ಅದೇ ಕೋಣೆಯ ಮೇಜಿನ ಮೇಲಿತ್ತು, ಆದರೂ ಬಿಚ್ಚಲಿಲ್ಲ. ಗಂಟಿನಿಂದ ನವಿರಾಗಿ ಕೊಬ್ಬರಿ ವಾಸನೆ ಬರುತ್ತಿತ್ತು. ಈ ಊರಿನಲ್ಲಿ ಯಾವುದಕ್ಕೆ ತಾನೇ ಬರುವುದಿಲ್ಲ ಎಂದುಕೊಂಡೆ.

ದೊಡ್ಡಮ್ಮ ಹೋದದ್ದು ಒಂದು ಮಧ್ಯಾಹ್ನ. ಊಟ ಮಾಡಿ, ಅಡಿಕೆ ಬಾಯಿಗೆ ಹಾಕಿಕೊಂಡು ಕಂಬಕ್ಕೊರಗಿದವರು ಏಳಲಿಲ್ಲ. ಕಾಯಿಲೆಯಿಲ್ಲ, ಕಸಾಲೆಯಿಲ್ಲ, ಯಾರಿಗೂ ಏನೂ ಹೇಳಲಿಲ್ಲ. ತೋಟದಲ್ಲಿ ಯಜಮಾನರ ಪಕ್ಕದಲ್ಲೇ ಗುಂಡಿ ತೆಗೆದರು. ಅಯ್ಯನವರು ಎಡ ಅಂಗೈಯಲ್ಲಿಟ್ಟ ಲಿಂಗ ಅಲ್ಲಾಡದೆ ನಿಂತಿತು. ನಾನು ಗಂಟನ್ನು ಅಯ್ಯನವರ ಕೈಗೆ ಕೊಟ್ಟು ವಿಷಯ ಹೇಳಿದೆ. ಅವರು ಅದನ್ನು ಅದೇ ಕೈಯ ಪಕ್ಕ ವಿಭೂತಿಯಲ್ಲಿ ಹುದುಗಿಸಿದರು. ಬಂದಂಗೆ ಹೋದರು ಎಂದು ಸಮಾಧಾನವಾಯಿತು. ಆ ಕತೆಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ. ಪ್ರತಿ ಸಲವೂ ಕೊನೆಗೆ, ನನ್ನೊಬ್ಬಳನ್ನೇ ನಂಬಿದ್ದರು ಎಂದು ಸೇರಿಸುತ್ತಿದ್ದೆ.

ಈಗ ಅಡುಗೆಮನೆಯ ಕಟ್ಟೆಯ ಮೇಲೆ ಈ ಚಿಪ್ಪು.

ಹುರಿ ಬಿಚ್ಚಿದೆವು. ಒಳಗೆ ವಿಭೂತಿಯ ಪುಡಿ, ಅದರ ನಡುವೆ ಗುಲಾಬಿ ಮುಚ್ಚಳದ ಡಬ್ಬಿ. ಹುಡುಗಿ ಅಂಟಿಸಿದ್ದ ಅಚ್ಚಿನ ಚೀಟಿ ಹಳದಿಯಾಗಿತ್ತು. ಸೀಲು ಎಲ್ಲೋ ಸಡಿಲವಾಗಿ ದ್ರವ ಅರ್ಧ ಆರಿತ್ತು. ತಳದಲ್ಲಿ ಬೆಳ್ಳಗಿನ ಒಂದು ಚೂರು.

"ಹಂಗಾದ್ರೆ ನಾನು ಸಮಾಧೀಲಿ ಇಡಿಸಿದ್ದು ಏನು?" ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

ಸೊಸೆ ಸ್ವಲ್ಪ ಯೋಚಿಸಿ ಹೇಳಿದಳು. ಒಂದು ದಿನ ಅತ್ತೆ ಈಳಿಗೆಮಣೆ ಮುಂದೆ ಕೂತು ಒಂದು ಚೂರು ಕೊಬ್ಬರಿಯನ್ನು ಕೊಯ್ದು ಕೊಯ್ದು ಬಟಾಣಿಯಷ್ಟು ಮಾಡಿ, ಏನೋ ಪುಟ್ಟ ಡಬ್ಬಿಗೆ ಹಾಕುತ್ತಿದ್ದರಂತೆ. ಏನು ಎಂದು ಕೇಳಿದ್ದಕ್ಕೆ, ನಿನ್ನ ಕೆಲಸ ನೋಡು ಹೋಗು ಎಂದು ಗದರಿದರಂತೆ. ಆ ಖಾಲಿ ಡಬ್ಬಿ... ಸಂಚಿಯೊಳಗೆ ಹೋದದ್ದು ವಾಪಸು ಬರಲಿಲ್ಲವಲ್ಲ.

ಸಿಟ್ಟು ಬಂತು. ಅಳುವೂ ಬಂತು. ನಾನು ಅದನ್ನು ಬಿಚ್ಚಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟೇ ಇಡುತ್ತೇನೆಂದು ಅವರಿಗೆ ಖಾತ್ರಿಯಿತ್ತು. ಅದಕ್ಕೇ ನನಗೊಂದು ಸುಳ್ಳು ಗಂಟು ಕೊಟ್ಟು, ನಿಜವಾದದ್ದನ್ನು ತಾವು ಒಬ್ಬರೇ ಹತ್ತುವ ಅಟ್ಟಕ್ಕೆ ಸೇರಿಸಿದ್ದರು. ಸಾಯುವ ಮುಂಚೆ ಬದಲಾಯಿಸಬಹುದು, ಮಗನಿಗೆ ಹೇಳಬಹುದು ಎಂದುಕೊಂಡಿದ್ದರೇನೋ. ಸಾವು ಹೇಳಿ ಕೇಳಿ ಬರುವುದಿಲ್ಲ ಎಂಬ ಅನುಮಾನ ಒಂದು ಮಾತ್ರ ಅವರಿಗೆ ಬಂದಿರಲಿಲ್ಲ. ಗಂಡನ ಬೆರಳಿಲ್ಲದ ಕೈಯನ್ನು ನೋಡಿ ಅಷ್ಟು ಹೆದರಿದ್ದ ಹೆಂಗಸು ಕಡೆಗೂ ಒಂದು ಚೂರು ಕೊಬ್ಬರಿ ಹಿಡಿದು ಹೋದರು. ನನ್ನ ವಿಷಯಕ್ಕೆ ಬಂದರೆ, ಹುಟ್ಟಿದಾಗಿನಿಂದ ಎಲ್ಲವನ್ನೂ ಶಂಕಿಸಿದವಳು ಆ ಒಂದು ಗಂಟನ್ನು ಮಾತ್ರ ನಂಬಿದೆ. ಕೊಬ್ಬರಿ ವಾಸನೆ ಮೂಗಿಗೆ ಬಡಿಯುತ್ತಿದ್ದರೂ ನಂಬಿದೆ. ಚಟದಂತೆ ಒಂದೇ ಒಂದು ಸಲ ಬಿಚ್ಚಿದ್ದರೆ ಮೋಸ ಅಂದೇ ಹೊರಬೀಳುತ್ತಿತ್ತು, ಅವರು ಪೂರ್ತಿಯಾಗಿ ಹೋಗುತ್ತಿದ್ದರು.

"ಬೇಜಾರ್ ಮಾಡ್ಕೋಬೇಡಿ ಟೀಚರೇ" ಎಂದಳು ಸೊಸೆ. "ನಿಮಗೆ ಕೊಬ್ಬರೀನಾದ್ರೂ ಕೊಟ್ರು. ಒಂದೇ ಮನೇಲಿದ್ದೆ, ನನಗೆ ಅಟ್ಟದ ಏಣೀನೂ ಮುಟ್ಟಕ್ಕೆ ಬಿಡ್ಲಿಲ್ಲ."

ಇಬ್ಬರೂ ನಕ್ಕೆವು. ನಗುತ್ತಲೇ ಅವಳು ಮೂಗೊರೆಸಿಕೊಂಡಳು.

ಮರುದಿನ ಬೆಳಿಗ್ಗೆ ದೊಡ್ಡಮ್ಮನ ಮಗ, ಸೊಸೆ, ನಾನು ತೋಟಕ್ಕೆ ಹೋದೆವು. ಸಮಾಧಿಯನ್ನು ಕೆದಕುವುದು ಬೇಡವೆಂದು ಅಯ್ಯನವರು ಹೇಳಿದ್ದರು. ಪಕ್ಕದಲ್ಲೇ, ಎಡಗೈ ಬರುವ ಕಡೆಗೆ, ಮಗ ಹಾರೆಯಿಂದ ಚಿಕ್ಕ ಗುಂಡಿ ತೆಗೆದ. ಡಬ್ಬಿಯನ್ನು ಮತ್ತೆ ವಿಭೂತಿಯಲ್ಲಿಟ್ಟು, ಚಿಪ್ಪು ಮುಚ್ಚಿ, ಅದೇ ಹುರಿಯಿಂದ ಕಟ್ಟಿದೆ. ಗುಂಡಿಗೆ ಇಳಿಸುವ ಹೊತ್ತಿಗೆ ಸೊಸೆ ನನ್ನ ಮೊಣಕೈ ಹಿಡಿದಳು.

"ಟೀಚರೇ, ಇದ್ರಲ್ಲಿರೋದಾದ್ರೂ ಅವರ್ದೇನಾ? ಅತ್ತೆ ವಿಷ್ಯ ನಿಮಗೆ ಗೊತ್ತಲ್ಲ. ಒಂದ್ಸಲ ನಿಮ್ಮ ಆ ಮಿಷನ್ನಲ್ಲಿ ಇಟ್ಟು ನೋಡಿದ್ರೆ..."

ನನಗೂ ರಾತ್ರಿಯಿಡೀ ಅದೇ ತಲೆಯಲ್ಲಿತ್ತು. ತೆಳುವಾಗಿ ಒಂದು ಪದರ ಕೊಯ್ದು ಗಾಜಿನ ಮೇಲಿಟ್ಟರೆ ಸಾಕು. ಚರ್ಮದ ಕೋಶ ಬೇರೆ, ಕೊಬ್ಬರಿಯ ಕೋಶ ಬೇರೆ, ನಿಮಿಷದ ಕೆಲಸ. "ಬೇಡ ಬುಡು" ಎಂದೆ. ಮಣ್ಣನ್ನು ಕೈಯಿಂದಲೇ ತಳ್ಳಿದೆ.

ಎಲ್ಲೋ ಬೆಂಗಳೂರಿನ ಕಂಪ್ಯೂಟರಿನಲ್ಲಿ ಅವರ ಇನ್ನರ್ಧ ಪಾಲು ಹೆಸರಿಲ್ಲದ ಚುಕ್ಕೆಗಳಾಗಿ ಉಳಿದಿರುತ್ತದೆ. ಅದನ್ನೂ ಅವರು ನಂಬಿರಲಿಲ್ಲ. ಈಗ ಬೇಲಿಯ ಹತ್ತಿರ ನಿಂತು ಯಾರನ್ನಾದರೂ ಶಂಕಿಸೋಣವೆಂದರೆ ಆಚೆ ಕಡೆ ಯಾರೂ ಇಲ್ಲ. ಮಣ್ಣು ಮುಚ್ಚಿ, ನೀರು ಚಿಮುಕಿಸಿ, ಏಳುವ ಮುನ್ನ ಸಮಾಧಿಯ ಕಡೆ ಬಾಗಿ ಮೆಲ್ಲಗೆ ಹೇಳಿದೆ: "ದೊಡ್ಡಮ್ಮ, ಆ ಡಬ್ಬೀನ ನಾನು ಬಿಚ್ಚಲಿಲ್ಲ."

ಅವರಿದ್ದಿದ್ದರೆ ನಂಬುತ್ತಿರಲಿಲ್ಲ.